ಟೆನರ್ ಎಂಬ ಎಳೆ ಹಿಡಿದು: ಯುರೋಪಿನ ಮಧ್ಯಯುಗ ಮತ್ತು ಪುನರುಜ್ಜೀವನ ಕಾಲದ ಸಂಗೀತವನ್ನು ಕೇಳುವ ಕ್ರಮ

ಯುರೋಪಿನ ಮಧ್ಯಯುಗ ಮತ್ತು ಪುನರುಜ್ಜೀವನ ಕಾಲದ ಸಂಗೀತವನ್ನು ಹೊಸದಾಗಿ ಕೇಳಲು ಕುಳಿತವರು ಬಹುಮಟ್ಟಿಗೆ ಎರಡು ದೂರುಗಳನ್ನು ಹೇಳುತ್ತಾರೆ. ಎಲ್ಲ ಕೃತಿಗಳೂ ಒಂದೇ ಬಗೆಯಾಗಿ ಕೇಳಿಸುತ್ತವೆ ಎಂಬುದು ಮೊದಲನೆಯದು. ನಾಲ್ಕಾರು ದನಿಗಳು ಒಟ್ಟಿಗೆ ಹಾಡುವಾಗ ಕಿವಿಯನ್ನು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ ಎಂಬುದು ಎರಡನೆಯದು. ಎರಡಕ್ಕೂ ಮೂಲ ಒಂದೇ. ಹಾಡಿನ ಧಾಟಿ ಎಲ್ಲಕ್ಕಿಂತ ಮೇಲಿನ ದನಿಯಲ್ಲಿರುತ್ತದೆ, ಉಳಿದದ್ದೆಲ್ಲ ಅದಕ್ಕೆ ಒತ್ತಾಸೆ ಎಂಬ ನಂತರದ ಕಾಲದ ರೂಢಿಯಿಂದಲೇ ನಾವು ಇದನ್ನೂ ಕೇಳುತ್ತೇವೆ. ಆದರೆ 12ನೆಯ ಶತಮಾನದಿಂದ 15ನೆಯ ಶತಮಾನದ ಕೊನೆಯವರೆಗೆ, ವಿಶೇಷವಾಗಿ ಚರ್ಚಿನ ಸಂಗೀತದಲ್ಲಿ, ರಚನಕಾರರು ಬಹುಪಾಲು ಕೆಳಗಿನಿಂದಲೋ ನಡುವಿನಿಂದಲೋ ಕಟ್ಟುತ್ತಿದ್ದರು. ಮೊದಲೇ ಬಳಕೆಯಲ್ಲಿದ್ದ ಒಂದು ಧಾಟಿಯನ್ನು ಒಂದು ದನಿಗೆ ಒಪ್ಪಿಸಿ, ಅದು ಆ ಧಾಟಿಯ ಒಂದೊಂದು ಸ್ವರವನ್ನೂ ದೀರ್ಘವಾಗಿ ಹಿಡಿದು ನಿಂತಿರುವಾಗ ಉಳಿದ ದನಿಗಳನ್ನು ಅದರ ಸುತ್ತ ಹೆಣೆಯುತ್ತಿದ್ದರು. ಹಾಗೆ ಹಿಡಿದು ನಿಲ್ಲುವ ದನಿಯೇ ಟೆನರ್. 'ಹಿಡಿ' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದ ಅದು. ಇಂದು ಆ ಹೆಸರು ಎತ್ತರದ ಗಂಡುದನಿಗೆ ಅಂಟಿಕೊಂಡಿದೆ, ಆಗ ಅದು ಒಂದು ಕೆಲಸದ ಹೆಸರಾಗಿತ್ತು. ಇಲ್ಲಿ ಸೂಚಿಸುವ ಕ್ರಮವೆಲ್ಲ ಒಂದೇ ಉಪಾಯದ ಮೇಲೆ ನಿಂತಿದೆ: ಯಾವ ಕೃತಿಯೇ ಇರಲಿ, ಮೊದಲು ಟೆನರ್ ಹಿಡಿದಿರುವ ಧಾಟಿಯನ್ನು ಬೇರೆಯಾಗಿ ಕಲಿತುಕೊಳ್ಳಿ, ಆಮೇಲೆ ಇಡೀ ಕೃತಿಯನ್ನು ಕೇಳಿ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಓದುವಾಗಲೋ ಬರೆಯುವಾಗಲೋ ಹಿನ್ನೆಲೆಯಲ್ಲಿ ಹಾಕಿಕೊಂಡರೆ ಈ ಸಂಗೀತ ಹಿತವಾದ ಮಂಜಿನಂತೆ ಕೋಣೆಯನ್ನು ತುಂಬುತ್ತದೆ, ಅಷ್ಟೇ. 'ಶಾಂತಿಗಾಗಿ, ಧ್ಯಾನಕ್ಕಾಗಿ' ಎಂದು ಜೋಡಿಸಿಟ್ಟ ಸಂಕಲನಗಳಿಂದ ಆರಂಭಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಕೆಟ್ಟ ಆರಂಭ. ದಿನಕ್ಕೆ ಹತ್ತೇ ನಿಮಿಷ, ಒಂದೇ ಕೃತಿ, ಪಠ್ಯವನ್ನು ಮುಂದಿಟ್ಟುಕೊಂಡು ಕೇಳಿದರೆ ಸಾಕು.

ಮೊದಲು ಒಂಟಿ ಧಾಟಿ

ಬಹುಧ್ವನಿಯ ಕೃತಿಗಳಿಗೆ ಹೋಗುವ ಮುನ್ನ ಗ್ರೆಗೋರಿಯನ್ ಚಾಂಟ್ ಎಂದು ಕರೆಯಲಾಗುವ ಒಂಟಿ ಧಾಟಿಯ ಲ್ಯಾಟಿನ್ ಗಾನದೊಂದಿಗೆ ಕೆಲವು ದಿನ ಕಳೆಯಬೇಕು, ಏಕೆಂದರೆ ಮುಂದಿನ ಶತಮಾನಗಳ ಟೆನರ್‌ಗಳಿಗೆ ಸರಕು ಬಂದದ್ದು ಹೆಚ್ಚಾಗಿ ಈ ಕಣಜದಿಂದಲೇ. ಮಾಸ್, ಅಂದರೆ ಕ್ಯಾಥೊಲಿಕ್ ಚರ್ಚಿನ ಬಲಿಪೂಜೆಯ ಮೊದಲ ಭಾಗಗಳಲ್ಲಿ ಒಂದಾದ 'ಕಿರಿಯೆ'ಯನ್ನು ಆರಿಸಿಕೊಳ್ಳಿ. ಲ್ಯಾಟಿನ್ ಪೂಜೆಯೊಳಗೆ ಉಳಿದುಬಂದ ಈ ಗ್ರೀಕ್ ಪಠ್ಯದಲ್ಲಿ ಎರಡೇ ಸಾಲುಗಳಿವೆ: 'ಕಿರಿಯೆ ಎಲೆಯಿಸೋನ್', ಎಂದರೆ ಪ್ರಭುವೇ ಕರುಣಿಸು, 'ಕ್ರಿಸ್ತೆ ಎಲೆಯಿಸೋನ್', ಎಂದರೆ ಕ್ರಿಸ್ತನೇ ಕರುಣಿಸು. ಮೊದಲನೆಯದು ಮೂರು ಸಲ, ಎರಡನೆಯದು ಮೂರು ಸಲ, ಮತ್ತೆ ಮೊದಲನೆಯದು ಮೂರು ಸಲ ಬರುತ್ತದೆ. ಬೆರಳು ಮಡಿಸಿ ಎಣಿಸುತ್ತ ಕೇಳಿದರೆ ರಚನೆಯ ಚೌಕಟ್ಟು ಒಂದೇ ಸಲಕ್ಕೆ ಕೈಗೆ ಸಿಗುತ್ತದೆ.

ಎರಡನೆಯ ಸಲ ಕೇಳುವಾಗ ಎರಡು ಸ್ವರಗಳನ್ನು ಹುಡುಕಿ. ಧಾಟಿ ಎಲ್ಲೆಲ್ಲಿ ಸುತ್ತಾಡಿದರೂ ಕೊನೆಗೆ ಬಂದು ಕೂರುವ ಸ್ವರ ಒಂದು. ಅದಕ್ಕಿಂತ ಮೇಲೆ, ಧಾಟಿ ಪದೇಪದೇ ಹೋಗಿ ನಿಲ್ಲುವ ಇನ್ನೊಂದು ಸ್ವರ. ಮಧ್ಯಯುಗದ ಶಾಸ್ತ್ರಕಾರರು ಚಾಂಟ್ ಧಾಟಿಗಳನ್ನು ಎಂಟು ಮೋಡ್‌ಗಳಾಗಿ ವಿಂಗಡಿಸಿದ್ದು ಮುಖ್ಯವಾಗಿ ಕೊನೆಗೆ ಬಂದು ಕೂರುವ ಸ್ವರವನ್ನೂ ಧಾಟಿ ಅದರ ಮೇಲೆ ಕೆಳಗೆ ಎಷ್ಟು ದೂರ ಸಂಚರಿಸುತ್ತದೆ ಎಂಬುದನ್ನೂ ನೋಡಿ. ಮೋಡ್‌ಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯ ಈಗ ಇಲ್ಲ. ಕೊನೆಯ ಸ್ವರವನ್ನು ಮೆಲ್ಲಗೆ ಗುನುಗುತ್ತ ಇಡೀ ಧಾಟಿಯನ್ನು ಅದರ ಮೇಲೆ ಕೇಳಿಸಿಕೊಳ್ಳುವುದು ಹೆಚ್ಚು ಉಪಯುಕ್ತವಾದ ಅಭ್ಯಾಸ. ಮುಂದೆ ಪ್ಯಾರಿಸ್‌ನ ಸಂಗೀತಕ್ಕೆ ಹೋದಾಗ ಇದರ ಲಾಭ ತಿಳಿಯುತ್ತದೆ.

ಚಾಂಟ್‌ನ ಬರಹವನ್ನೂ ಒಮ್ಮೆ ಕಣ್ಣಿನಿಂದ ನೋಡುವುದು ಒಳ್ಳೆಯದು. 9ನೆಯ ಶತಮಾನದಿಂದ ಸಿಗುವ ಮೊದಲ ಗುರುತುಗಳು, ಅಂದರೆ ನ್ಯೂಮ್‌ಗಳು, ಪಠ್ಯದ ಮೇಲೆ ಸೊಟ್ಟಪಟ್ಟ ಗೆರೆಗಳಂತೆ ಕಾಣುತ್ತವೆ. ದನಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಅವು ಹೇಳುತ್ತವೆ, ಎಷ್ಟು ಎಂಬುದನ್ನು ಹೇಳುವುದಿಲ್ಲ. ಧಾಟಿ ಮೊದಲೇ ಬರುವವನಿಗೆ ಮಾತ್ರ ಅವು ನೆನಪಿನ ಗಂಟು. 11ನೆಯ ಶತಮಾನದ ಮೊದಲ ಭಾಗದಲ್ಲಿ ಇಟಲಿಯ ಗಿಡೋ ಎಂಬ ಸನ್ಯಾಸಿ, ಅರೆಜ್ಜೊ ಊರಿನ ಕೆಥೆಡ್ರಲ್‌ನಲ್ಲಿ ಹಾಡುಗಾರರಿಗೆ ಕಲಿಸುತ್ತಿದ್ದವನು, ನ್ಯೂಮ್‌ಗಳನ್ನು ಬಣ್ಣದ ಗೆರೆಗಳ ಮೇಲೆ ಕೂರಿಸುವ ಕ್ರಮವನ್ನು ಪ್ರಚಾರಕ್ಕೆ ತಂದ. ಸಂತ ಯೋಹಾನನ ಸ್ತೋತ್ರವೊಂದರ ಸಾಲುಗಳ ಮೊದಲ ಅಕ್ಷರಗಳಿಂದ ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಹೆಸರುಗಳನ್ನು ಆಯ್ದುಕೊಟ್ಟವನೂ ಅವನೇ. ಹತ್ತು ವರ್ಷ ಹಿಡಿಯುತ್ತಿದ್ದ ಹಾಡುಗಾರಿಕೆಯ ಶಿಕ್ಷಣ ತನ್ನ ಕ್ರಮದಲ್ಲಿ ಒಂದು, ಹೆಚ್ಚೆಂದರೆ ಎರಡು ವರ್ಷಕ್ಕೆ ಮುಗಿಯುತ್ತದೆ ಎಂದು ಅವನು ಬರೆದುಕೊಂಡಿದ್ದಾನೆ. ಮೇಷ್ಟರ ಉತ್ಸಾಹವನ್ನು ಸ್ವಲ್ಪ ಕಳೆದು ನೋಡಿದರೂ, ಹಿಂದೆಂದೂ ಕೇಳಿರದ ಧಾಟಿಯನ್ನು ಬರಹ ನೋಡಿ ಹಾಡುವುದು ಇದರಿಂದ ಸಾಧ್ಯವಾಯಿತು.

ಚಾಂಟ್ ಎಂದರೆ ಒಂದೇ ಮಟ್ಟದಲ್ಲಿ ಹರಿಯುವ ಗಾನ ಎಂದು ಅನ್ನಿಸತೊಡಗಿದರೆ ಬಿಂಗೆನ್‌ನ ಹಿಲ್ಡಗಾರ್ಡ್ (1098–1179) ಎಂಬ ಸನ್ಯಾಸಿನಿಯ ರಚನೆಗಳನ್ನು ಕೇಳಿ. ಅವರ ಧಾಟಿಗಳು ಪಂಚಮದಷ್ಟು ಒಮ್ಮೆಲೇ ಜಿಗಿದು, ಸಾಮಾನ್ಯ ಚಾಂಟ್ ಮುಟ್ಟದ ಎತ್ತರಕ್ಕೆ ಹೋಗಿ ಬರುತ್ತವೆ. 'ಓರ್ದೋ ವಿರ್ತೂತುಮ್' ಎಂಬ ಅವರ ಗೇಯನಾಟಕದಲ್ಲಿ ಸದ್ಗುಣಗಳೆಲ್ಲ ಹಾಡುತ್ತವೆ, ಸೈತಾನನಿಗೆ ಮಾತ್ರ ಹಾಡಿಲ್ಲ. ಅವನು ಬರೀ ಮಾತನಾಡಬೇಕು. ಸಂಗೀತವಿಲ್ಲದಿರುವುದೇ ಅವನಿಗೆ ವಿಧಿಸಿದ ಶಿಕ್ಷೆಯಂತಿದೆ.

ಪ್ಯಾರಿಸ್: ಒಂದು ಅಕ್ಷರದ ಮೇಲೆ ಕಟ್ಟಡ

ಇನ್ನು ಈ ಕ್ರಮದ ನಿಜವಾದ ಪರೀಕ್ಷೆ. ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್‌ನ ಕಟ್ಟಡ 1163ರ ಸುಮಾರಿಗೆ ಆರಂಭವಾಯಿತು. ಕಲ್ಲಿನ ಕೆಲಸ ಇನ್ನೂ ನಡೆಯುತ್ತಿದ್ದ ಆ ದಶಕಗಳಲ್ಲಿಯೇ ಅಲ್ಲಿನ ಹಾಡುಗಾರರು ಚಾಂಟ್‌ನ ಮೇಲೆ ಇನ್ನೊಂದು, ಮತ್ತೊಂದು, ಮಗದೊಂದು ದನಿಯನ್ನು ಪೇರಿಸುವ ಆರ್ಗಾನುಮ್ ಎಂಬ ಬಗೆಯನ್ನು ಬೆಳೆಸಿದರು. ಲಿಯೋನಿನ್ ಮತ್ತು ಪೆರೋಟಿನ್ ಎಂಬ ಇಬ್ಬರ ಹೆಸರುಗಳು ಇದಕ್ಕೆ ಸಂಬಂಧಿಸಿ ಉಳಿದುಬಂದಿವೆ. ಪೆರೋಟಿನ್‌ನದೆಂದು ಹೇಳುವ, ನಾಲ್ಕು ದನಿಗಳ 'ವಿದೆರುಂತ್ ಓಮ್ನೆಸ್' ಎಂಬ ಕ್ರಿಸ್‌ಮಸ್ ಕೃತಿಯನ್ನು ಆರಿಸಿಕೊಳ್ಳಿ. 1198ರಲ್ಲಿ ಪ್ಯಾರಿಸ್‌ನ ಬಿಷಪ್ ಇಂತಹ ನಾಲ್ಕು ದನಿಗಳ ಹಾಡುಗಾರಿಕೆಗೆ ಅನುಮತಿ ಕೊಟ್ಟ ಆದೇಶದೊಂದಿಗೆ ಇದನ್ನು ಸಾಮಾನ್ಯವಾಗಿ ಜೋಡಿಸಲಾಗುತ್ತದೆ.

ಕೇಳುವ ವಿಧಾನ ಹೀಗಿರಲಿ. ಮೊದಲು ಅದೇ ಹೆಸರಿನ ಚಾಂಟ್ ಅನ್ನು ಒಂಟಿ ಧಾಟಿಯಾಗಿ ಮೂರು ನಾಲ್ಕು ಸಲ ಕೇಳಿ, 'ವಿದೆರುಂತ್ ಓಮ್ನೆಸ್' ಎಂಬ ಎರಡು ಪದಗಳಷ್ಟನ್ನು ಗುನುಗಲು ಕಲಿಯಿರಿ. ಚಾಂಟ್‌ನಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಈಗ ನಾಲ್ಕು ದನಿಗಳ ಕೃತಿಯನ್ನು ಹಾಕಿ. 'ವಿ' ಎಂಬ ಮೊದಲ ಅಕ್ಷರವನ್ನು ಟೆನರ್ ಹಿಡಿದುಕೊಳ್ಳುತ್ತದೆ ಮತ್ತು ಬಿಡುವುದೇ ಇಲ್ಲ. ಅದರ ಮೇಲೆ ಮೂರು ದನಿಗಳು ದೀರ್ಘ-ಹ್ರಸ್ವ, ದೀರ್ಘ-ಹ್ರಸ್ವ ಎಂದು ಕುಣಿಯುವ ಲಯದಲ್ಲಿ, ಒಂದರ ಪದರವನ್ನು ಇನ್ನೊಂದು ಎತ್ತಿಕೊಳ್ಳುತ್ತ, ಸ್ಥಳ ಬದಲಿಸುತ್ತ ಸುತ್ತುತ್ತವೆ. ಇಲ್ಲಿ ಮೇಲಿನ ದನಿಗಳ ಹಿಂದೆ ಓಡಬೇಡಿ. ಟೆನರ್‌ನ ಸ್ವರವನ್ನು ನೀವೂ ಗುನುಗುತ್ತ ಕಾಯಿರಿ. ಅದು ಕೊನೆಗೊಮ್ಮೆ ಮುಂದಿನ ಸ್ವರಕ್ಕೆ ಸರಿದಾಗ ಮೇಲಿರುವುದೆಲ್ಲದರ ಬಣ್ಣ ಒಟ್ಟಿಗೆ ಬದಲಾಗುವುದನ್ನು ಮೈಯಲ್ಲೇ ಅನುಭವಿಸುತ್ತೀರಿ. ಎರಡು ಪದಗಳು ಮುಗಿಯುವ ಹೊತ್ತಿಗೆ ಹಲವು ನಿಮಿಷಗಳು ಕಳೆದಿರುತ್ತವೆ, ಆಗ ಇದ್ದಕ್ಕಿದ್ದಂತೆ ಮೇಲಿನ ದನಿಗಳೆಲ್ಲ ನಿಂತು ವೃಂದವು 'ಫೀನೆಸ್ ತೆರ್ರೆ' ಎಂದು ಒಂಟಿ ಧಾಟಿಯಲ್ಲಿ ಮುಂದುವರಿಸುತ್ತದೆ. ಧ್ವನಿಮುದ್ರಣದಲ್ಲಿ ಏನೋ ತಪ್ಪಾಗಿದೆ ಎಂದು ನಾನು ಮೊದಲ ಸಲ ಭಾವಿಸಿದ್ದೆ. ತಪ್ಪಲ್ಲ, ಚಾಂಟ್‌ನಲ್ಲಿ ಒಂಟಿ ಗಾಯಕರಿಗೆ ಮೀಸಲಾದ ಭಾಗಗಳನ್ನು ಮಾತ್ರ ಬಹುಧ್ವನಿಯಾಗಿ ಕಟ್ಟಿ, ವೃಂದದ ಭಾಗವನ್ನು ಇದ್ದಂತೆಯೇ ಬಿಡುವುದು ಆ ಕಾಲದ ಪದ್ಧತಿ.

ಮುಂದಿನ ಹೆಜ್ಜೆ ಮೋಟೆಟ್. ಆರ್ಗಾನುಮ್‌ನ ತುಣುಕುಗಳಲ್ಲಿ ಮೇಲಿನ ದನಿಗಳಿಗೆ ಹೊಸ ಮಾತುಗಳನ್ನು ತೊಡಿಸಿದಾಗ ಹುಟ್ಟಿದ ಬಗೆ ಇದು. ಫ್ರೆಂಚ್‌ನಲ್ಲಿ 'ಮೋ' ಎಂದರೆ ಮಾತು. 13ನೆಯ ಶತಮಾನದ ಮೋಟೆಟ್‌ನಲ್ಲಿ ಒಂದು ದನಿ ಫ್ರೆಂಚ್ ಪ್ರೇಮಗೀತೆಯನ್ನೂ ಇನ್ನೊಂದು ಬೇರೊಂದು ಪದ್ಯವನ್ನೂ ಏಕಕಾಲಕ್ಕೆ ಹಾಡುತ್ತಿರುವಾಗ ಕೆಳಗೆ ಟೆನರ್ ಲ್ಯಾಟಿನ್ ಚಾಂಟ್‌ನ ಒಂದು ತುಣುಕನ್ನು ಸುತ್ತಿಸುತ್ತಿರುತ್ತದೆ. ಎಲ್ಲವನ್ನೂ ಒಂದೇ ಸಲಕ್ಕೆ ಅರ್ಥಮಾಡಿಕೊಳ್ಳಲು ಹೋಗದೆ, ಪಠ್ಯಗಳನ್ನು ಮೊದಲೇ ಓದಿಕೊಂಡು, ಒಂದು ಸಲಕ್ಕೆ ಒಂದೇ ದನಿಯನ್ನು ಹಿಂಬಾಲಿಸಿ ಮೂರು ಸಲ ಕೇಳಿ. ಇಂತಹ ಕಲಸುಮೇಲೋಗರ ಎಲ್ಲರಿಗೂ ಹಿಡಿಸಲಿಲ್ಲ. 1320ರ ದಶಕದಲ್ಲಿ ಪೋಪ್ 22ನೆಯ ಜಾನ್ ಹೊರಡಿಸಿದ ಆದೇಶವೊಂದು, ಹಾಡುಗಾರರು ಪವಿತ್ರ ಧಾಟಿಗಳನ್ನು ಹೊಕೆಟ್‌ಗಳಿಂದ ತುಂಡರಿಸುತ್ತಾರೆ, ಅವುಗಳ ಮೇಲೆ ಆಡುಭಾಷೆಯ ದನಿಗಳನ್ನು ತುರುಕುತ್ತಾರೆ ಎಂದು ದೂರಿತು. ಹೊಕೆಟ್ ಎಂದರೆ ಬಿಕ್ಕಳಿಕೆ. ಒಂದು ದನಿ ಹಾಡುವಾಗ ಇನ್ನೊಂದು ನಿಂತು, ಅದು ನಿಂತಾಗ ಇದು ಹಾಡುವ ತಂತ್ರಕ್ಕೆ ಆ ಹೆಸರು.

ಗಾಂಧಾರ ಸಿಹಿಯಾದ ಬಗೆ

14ನೆಯ ಶತಮಾನದ ಫ್ರಾನ್ಸ್‌ಗೆ ಗಿಯೋಮ್ ದ ಮಾಶೋ (ನಿಧನ 1377) ಒಬ್ಬನನ್ನೇ ಆರಿಸಿಕೊಂಡರೆ ಸಾಕು. ರೈಮ್ಸ್ ಕೆಥೆಡ್ರಲ್‌ನೊಂದಿಗೆ ಸಂಬಂಧವಿದ್ದ ಅವನ 'ನೋತ್ರ್ ದಾಮ್ ಮಾಸ್' ಬಲಿಪೂಜೆಯ ನಿತ್ಯಪಠ್ಯಗಳನ್ನೆಲ್ಲ ಹೆಸರು ತಿಳಿದಿರುವ ಒಬ್ಬನೇ ರಚನಕಾರ ಸಂಗೀತಕ್ಕೆ ಅಳವಡಿಸಿದ ಮೊದಲ ನಿದರ್ಶನ. ಅದರ ಪ್ರತಿ ನಿಲುಗಡೆಯಲ್ಲೂ ಕಿವಿಗೊಡಬೇಕಾದ ಒಂದು ಸಂಗತಿಯಿದೆ: ದನಿಗಳು ವಿಶ್ರಮಿಸುವುದು ಷಡ್ಜ-ಪಂಚಮಗಳ ಮೇಲೆ, ಗಾಂಧಾರ ಅಲ್ಲಿ ಇರುವುದಿಲ್ಲ. ನಿಲುಗಡೆಗೆ ಸ್ವಲ್ಪ ಮೊದಲು ಬರುವ ಗಾಂಧಾರವಾದರೋ ಎಲ್ಲಿಯಾದರೂ ಹೋಗಿ ಸೇರಬೇಕೆಂದು ಚಡಪಡಿಸುತ್ತದೆ. ಇದಕ್ಕೆ ಒಂದು ಲೆಕ್ಕವಿದೆ. ಷಡ್ಜದ ಕಂಪನಸಂಖ್ಯೆಗೆ ಹೋಲಿಸಿದರೆ ಶುದ್ಧ ಪಂಚಮದ ಅನುಪಾತ 3:2. ಮಧ್ಯಯುಗದ ಶಾಸ್ತ್ರವು ಎಲ್ಲ ಸ್ವರಗಳನ್ನೂ ಈ ಪಂಚಮಗಳನ್ನು ಒಂದರ ಮೇಲೊಂದು ಜೋಡಿಸಿಯೇ ಪಡೆಯುತ್ತಿತ್ತು, ಹಾಗೆ ಪಡೆದ ದೊಡ್ಡ ಗಾಂಧಾರ 81:64 ಆಗುತ್ತದೆ. ಕಿವಿಗೆ ನಿಶ್ಚಲವಾಗಿ ಕೇಳಿಸುವ ಗಾಂಧಾರ 5:4, ಅಂದರೆ 80:64. ಆ ಒಂದು ಪಾಲಿನ ವ್ಯತ್ಯಾಸವೇ ಚಡಪಡಿಕೆ.

15ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಡನ್‌ಸ್ಟಬಲ್ (ನಿಧನ 1453) ಮತ್ತು ಅವನ ಸಮಕಾಲೀನರ ಸಂಗೀತದಲ್ಲಿ ಗಾಂಧಾರಗಳು ತುಂಬಿ ತುಳುಕತೊಡಗಿದವು, ಅದರ ಪ್ರಭಾವ ಸಮುದ್ರ ದಾಟಿ ಗಿಯೋಮ್ ದು ಫೇ (ನಿಧನ 1474) ಮತ್ತಿತರರ ಮೇಲಾಯಿತು. ಮಾಶೋನ ಕಿರಿಯೆಯನ್ನೂ ದು ಫೇಯ ಯಾವುದಾದರೂ ಮಾಸ್‌ನ ಕಿರಿಯೆಯನ್ನೂ ಒಂದರ ಹಿಂದೊಂದು ಕೇಳಿದರೆ, ಮಧ್ಯಯುಗ ಮುಗಿದು ಪುನರುಜ್ಜೀವನ ಕಾಲ ಆರಂಭವಾಯಿತು ಎಂದು ಪುಸ್ತಕಗಳು ಹೇಳುವುದರ ಅರ್ಥ ಐದು ನಿಮಿಷಗಳಲ್ಲಿ ಕಿವಿಗೇ ತಿಳಿಯುತ್ತದೆ.

ದು ಫೇ ಬಳಿಗೆ ಬಂದಾಗ ಟೆನರ್ ಹಿಡಿಯುವ ಅಭ್ಯಾಸಕ್ಕೆ ಅತ್ಯುತ್ತಮವಾದ ಪಾಠ ಸಿಗುತ್ತದೆ. 'ಲೊಮ್ ಅರ್ಮೇ', ಅಂದರೆ 'ಆಯುಧ ಹಿಡಿದ ಮನುಷ್ಯ' ಎಂಬ ಚಿಕ್ಕ ಫ್ರೆಂಚ್ ಹಾಡೊಂದಿತ್ತು. ಆಯುಧ ಹಿಡಿದವನಿಗೆ ಹೆದರಬೇಕು, ಎಲ್ಲರೂ ಕಬ್ಬಿಣದ ಕವಚ ತೊಡಬೇಕೆಂದು ಡಂಗುರ ಸಾರಿದ್ದಾರೆ ಎಂಬುದಿಷ್ಟೇ ಅದರ ಮಾತು. ಏಕೋ ಏನೋ, ಈ ಬೀದಿಹಾಡಿನಂತಹ ಧಾಟಿಯನ್ನು ಟೆನರ್ ಆಗಿಟ್ಟುಕೊಂಡು 15ನೆಯ ಶತಮಾನದಿಂದ 17ನೆಯ ಶತಮಾನದವರೆಗೆ ನಲವತ್ತಕ್ಕಿಂತ ಹೆಚ್ಚು ಮಾಸ್‌ಗಳು ರಚನೆಯಾದವು. ಹಾಡನ್ನು ಮೊದಲು ಪೂರ್ತಿ ಬಾಯಿಗೆ ತಂದುಕೊಳ್ಳಿ; ಮೊದಲ ಭಾಗ, ನಡುವಣ ಭಾಗ, ಮತ್ತೆ ಮೊದಲ ಭಾಗ ಎಂದು ಅದು ಒಂದು ನಿಮಿಷದೊಳಗೆ ಮುಗಿಯುತ್ತದೆ. ನಂತರ ದು ಫೇಯ 'ಲೊಮ್ ಅರ್ಮೇ' ಮಾಸ್‌ನಲ್ಲಿ ಕೊನೆಯ ಭಾಗವಾದ 'ಆಗ್ನುಸ್ ದೇಯಿ'ಗೆ ನೇರವಾಗಿ ಹೋಗಿ. ಅದರ ಮೂರನೆಯ ಖಂಡದ ಟೆನರ್‌ಗೆ ಬರೆದಿರುವ ಲ್ಯಾಟಿನ್ ಸೂಚನೆಯ ಭಾವ ಇದು: ಏಡಿ ಪೂರ್ತಿಯಾಗಿ ಹೋಗಲಿ, ಅರ್ಧವಾಗಿ ಮರಳಲಿ. ಏಡಿಯ ನಡಿಗೆಯೇ ತಿರುವುಮುರುವು ಎಂದು ಭಾವಿಸುತ್ತಿದ್ದ ಕಾಲವಾದ್ದರಿಂದ, ಟೆನರ್ ಮೊದಲು ಹಾಡನ್ನು ಕೊನೆಯಿಂದ ಮೊದಲಿಗೆ ಪೂರ್ಣ ಕಾಲಪ್ರಮಾಣದಲ್ಲಿ ಹಾಡಬೇಕು, ಬಳಿಕ ಮೊದಲಿನಿಂದ ಕೊನೆಗೆ ಅರ್ಧ ಕಾಲಪ್ರಮಾಣದಲ್ಲಿ ಹಾಡಬೇಕು. ಹಿಂದುಮುಂದಾದ ಭಾಗದಲ್ಲಿ ಯಾರ ಕಿವಿಗೂ ಹಾಡು ಗುರುತು ಸಿಗುವುದಿಲ್ಲ. ಖಂಡದ ಕೊನೆ ಹತ್ತಿರವಾದಂತೆ ಮಾತ್ರ, ಅಲ್ಲಿಯವರೆಗೆ ಹೆಣಿಗೆಯೊಳಗೆ ಹೂತುಹೋಗಿದ್ದ ಟೆನರ್‌ನಿಂದ ನೀವು ಬಾಯಿಗೆ ತಂದುಕೊಂಡ ಅದೇ ಧಾಟಿ ಚುರುಕಾಗಿ ಎದ್ದು ನಿಲ್ಲುತ್ತದೆ. ಹಾಡು ಗೊತ್ತಿಲ್ಲದವನಿಗೆ ಈ ಕ್ಷಣ ಇಲ್ಲವೇ ಇಲ್ಲ.

ಟೆನರ್ ಕರಗಿದ ಮೇಲೆ

ಜೋಸ್ಕನ್ ದೆ ಪ್ರೇ (ನಿಧನ 1521) ಕಾಲಕ್ಕೆ ಉಪಾಯವನ್ನು ಸ್ವಲ್ಪ ಬದಲಿಸಬೇಕು, ಏಕೆಂದರೆ ಒಂದೇ ದನಿ ಧಾಟಿಯನ್ನು ಹಿಡಿದಿರುವ ಬದಲು ಎಲ್ಲ ದನಿಗಳೂ ಸರದಿಯಂತೆ ಅದನ್ನು ಹಂಚಿಕೊಳ್ಳತೊಡಗುತ್ತವೆ. ಅವನ 'ಆವೆ ಮರಿಯಾ... ವಿರ್ಗೋ ಸೆರೇನಾ' ಎಂಬ ಮೋಟೆಟ್‌ನ ಆರಂಭವನ್ನು ಕೇಳಿ. ಎಲ್ಲಕ್ಕಿಂತ ಮೇಲಿನ ದನಿ 'ಆವೆ ಮರಿಯಾ' ಎನ್ನುತ್ತದೆ; ಅದು ಮುಗಿಸುವಷ್ಟರಲ್ಲಿ ಅದರ ಕೆಳಗಿನ ದನಿ ಅದೇ ಧಾಟಿಯನ್ನು ಎತ್ತಿಕೊಳ್ಳುತ್ತದೆ, ಆಮೇಲೆ ಟೆನರ್, ಕೊನೆಗೆ ಬಾಸ್. 'ಗ್ರಾತ್ಸಿಯಾ ಪ್ಲೇನಾ' ಎಂಬಲ್ಲಿ ಹೊಸ ಧಾಟಿ, ಅದೇ ಮೇಲಿನಿಂದ ಕೆಳಗಿನ ಇಳಿತ. ಇಲ್ಲಿ ನೀವು ಹಿಂಬಾಲಿಸಬೇಕಾದುದು ದನಿಯನ್ನಲ್ಲ, ಪದಗುಚ್ಛವನ್ನು: ಪ್ರತಿ ಪದಗುಚ್ಛವೂ ಯಾವ ದನಿಯಲ್ಲಿ ಹುಟ್ಟಿ ಯಾವ ಕ್ರಮದಲ್ಲಿ ಇಳಿಯಿತು ಎಂಬುದನ್ನು ಪಠ್ಯದ ಪಕ್ಕದಲ್ಲಿ ಬಾಣದ ಗುರುತಿನಿಂದ ಬರೆದುಕೊಳ್ಳುತ್ತ ಹೋಗಿ. ಕೊನೆಯ ಪ್ರಾರ್ಥನೆಗೆ, 'ದೇವಮಾತೆಯೇ, ನನ್ನನ್ನು ನೆನೆ' ಎಂಬ ಸಾಲಿಗೆ ಬಂದಾಗ ಈ ಬೆನ್ನಟ್ಟುವಿಕೆಯೆಲ್ಲ ನಿಂತು ನಾಲ್ಕೂ ದನಿಗಳು ಒಂದೇ ಲಯದಲ್ಲಿ, ಉದ್ದುದ್ದ ಸ್ವರಗಳಲ್ಲಿ ಮಾತನಾಡುತ್ತವೆ. ಹೆಚ್ಚು ಸೂಕ್ಷ್ಮವಾಗಿ ಕೇಳಿದರೆ, ಕೃತಿ ಬಂದು ನಿಲ್ಲುವ ಕಟ್ಟಕಡೆಯ ಸ್ವರಮೇಳದಲ್ಲಿ ಗಾಂಧಾರವಿಲ್ಲದಿರುವುದೂ ಗಮನಕ್ಕೆ ಬರುತ್ತದೆ.

16ನೆಯ ಶತಮಾನದ ಚರ್ಚ್ ಸಂಗೀತವನ್ನು ಇದೇ ರೀತಿ ಕೇಳಬಹುದು. ಇಟಲಿಯ ರಚನಕಾರ ಪ್ಯಾಲೆಸ್ಟ್ರೀನಾನ 'ಪೋಪ್ ಮಾರ್ಸೆಲಸ್ ಮಾಸ್' ಬಹುಧ್ವನಿ ಸಂಗೀತವನ್ನೇ ಚರ್ಚಿನ ನಿಷೇಧದಿಂದ ಪಾರುಮಾಡಿತು ಎಂಬ ಕಥೆಯನ್ನು ಅನೇಕ ಕಡೆ ಓದುತ್ತೀರಿ, ಅದು ದಂತಕಥೆ. ಆದರೂ ಆ ಮಾಸ್‌ನ 'ಗ್ಲೋರಿಯಾ' ಎಂಬ ಭಾಗದಲ್ಲಿ ಆರು ದನಿಗಳ ನಡುವೆ ಒಂದೊಂದು ಪದವೂ ಎಷ್ಟು ನಿಚ್ಚಳವಾಗಿ ಕೇಳಿಸುತ್ತದೆ ಎಂಬುದನ್ನು ಪರೀಕ್ಷಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಮ್ಯಾಡ್ರಿಗಲ್ ಎಂಬ ಲೌಕಿಕ ಗೀತೆಗಳಿಗೆ ಬಂದರೆ ಪಠ್ಯವೇ ಟೆನರ್ ಎನ್ನಬಹುದು. 1601ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಒಂದನೆಯ ಎಲಿಜಬೆತ್ ರಾಣಿಯನ್ನು ಹೊಗಳುವುದೆಂದು ಭಾವಿಸಲಾದ ಸಂಗ್ರಹದಲ್ಲಿ ಥಾಮಸ್ ವೀಲ್ಕ್ಸ್‌ನ ಆರು ದನಿಗಳ ಮ್ಯಾಡ್ರಿಗಲ್ ಒಂದಿದೆ. ವೆಸ್ಟಾ ದೇವಿ ಬೆಟ್ಟ ಇಳಿಯುತ್ತಿದ್ದಳು ಎಂಬಲ್ಲಿ ದನಿಗಳೂ ಇಳಿಯುತ್ತವೆ, ರಾಣಿ ಏರಿ ಬರುತ್ತಿದ್ದಳು ಎಂಬಲ್ಲಿ ಏರುತ್ತವೆ. ಸಖಿಯರು 'ಇಬ್ಬಿಬ್ಬರಾಗಿ' ಓಡಿ ಬಂದರು ಎಂಬಾಗ ಎರಡು ದನಿ, 'ಮೂವರು ಮೂವರಾಗಿ' ಎಂಬಾಗ ಮೂರು ದನಿ, 'ಎಲ್ಲರೂ ಕೂಡಿ' ಎಂಬಾಗ ಆರೂ ದನಿ. ದೇವಿಯನ್ನು 'ಒಂಟಿಯಾಗಿ' ಬಿಟ್ಟರು ಎಂಬ ಮಾತು ಒಂದೇ ಹೆಣ್ಣುದನಿಗೆ. ಇದನ್ನು ಹುಡುಗಾಟ ಎನ್ನುವವರಿದ್ದಾರೆ. ಹೌದು, ಹುಡುಗಾಟವೇ, ಆದರೆ ಮನೆಯಲ್ಲಿ ಮೇಜಿನ ಸುತ್ತ ಕುಳಿತು ತಾವೇ ಹಾಡಿಕೊಳ್ಳುತ್ತಿದ್ದವರಿಗಾಗಿ ಬರೆದದ್ದು ಎಂಬುದನ್ನು ನೆನಪಿಟ್ಟರೆ ಅದರ ರುಚಿ ತಿಳಿಯುತ್ತದೆ.

ಧ್ವನಿಮುದ್ರಣ ಆರಿಸುವಾಗ

ಒಂದೊಂದು ದನಿಗೆ ಒಬ್ಬೊಬ್ಬರೇ ಹಾಡಿರುವ ಮುದ್ರಣವನ್ನು ಮೊದಲು ಆರಿಸಿ. ದೊಡ್ಡ ವೃಂದ, ಅದಕ್ಕಿಂತ ದೊಡ್ಡ ಮಾರ್ದನಿ ಇರುವ ಮುದ್ರಣದಲ್ಲಿ ಟೆನರ್ ಮುಳುಗಿಹೋಗುತ್ತದೆ. ಒಂದೇ ಕೃತಿಯ ಎರಡು ಮುದ್ರಣಗಳು ಬೇರೆ ಬೇರೆ ಶ್ರುತಿಯಲ್ಲಿ, ಬೇರೆ ಉಚ್ಚಾರಣೆಯಲ್ಲಿ, ಒಂದು ಬರೀ ಕಂಠಗಳಲ್ಲಿ ಮತ್ತು ಇನ್ನೊಂದು ವಾದ್ಯಗಳೊಂದಿಗೆ ಇದ್ದರೆ ಆಶ್ಚರ್ಯಪಡಬೇಡಿ. ಆ ಕಾಲದಲ್ಲಿ ಎಲ್ಲ ಕಡೆಗೂ ಅನ್ವಯಿಸುವ ಒಂದೇ ಶ್ರುತಿಮಟ್ಟ ಇರಲಿಲ್ಲ, ಯಾವ ವಾದ್ಯ ನುಡಿಸಬೇಕೆಂದು ಬಹಳಷ್ಟು ಬರಹಗಳು ಹೇಳುವುದೂ ಇಲ್ಲ. ಹಕ್ಕುಸ್ವಾಮ್ಯ ಮುಗಿದ ಸ್ವರಲಿಪಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಎಲ್ಲ ದನಿಗಳನ್ನೂ ಒಂದರ ಕೆಳಗೊಂದು ಜೋಡಿಸಿ ಗೆರೆ ಎಳೆದಿರುವುದು ಇಂದಿನ ಸಂಪಾದಕರ ಅನುಕೂಲ. ಅಂದಿನ ಹಾಡುಗಾರನ ಮುಂದೆ ಇದ್ದದ್ದು ತನ್ನ ದನಿಯ ಸಾಲು ಮಾತ್ರ. ಉಳಿದವರನ್ನು ಅವನು ಕಿವಿಯಿಂದಲೇ ಹಿಡಿಯಬೇಕಾಗಿತ್ತು.

ಕೊನೆಗೆ, ಸಾಧ್ಯವಾದರೆ ಒಮ್ಮೆ ನೀವೇ ಹಾಡಿ ನೋಡಿ. ಇದಕ್ಕೆ ಇಂಗ್ಲೆಂಡಿನ ರೆಡಿಂಗ್ ಮಠದೊಂದಿಗೆ ಗುರುತಿಸಲಾದ 13ನೆಯ ಶತಮಾನದ ಹಸ್ತಪ್ರತಿಯಲ್ಲಿರುವ 'ಸುಮೆರ್ ಇಸ್ ಇಕುಮೆನ್ ಇನ್' ಎಂಬ ಬೇಸಿಗೆಯ ಹಾಡು ಸೂಕ್ತ. ಕೋಗಿಲೆ ಕೂಗಿತು, ಹೊಲ ಚಿಗುರಿತು, ಕರುವಿಗಾಗಿ ಹಸು ಅಂಬಾ ಎಂದಿತು ಎನ್ನುವ ಒಂದೇ ಧಾಟಿಯನ್ನು ಒಬ್ಬರ ಹಿಂದೆ ಒಬ್ಬರು ಆರಂಭಿಸಿ ಹಾಡುವ ಸುತ್ತುಹಾಡು ಇದು. ಮೊದಲನೆಯವನು ಶಿಲುಬೆಯ ಗುರುತು ದಾಟಿದಾಗ ಎರಡನೆಯವನು ಆರಂಭಿಸಬೇಕೆಂದೂ, ನಾಲ್ವರು ಹಾಡಬಹುದು, ಮೂವರಿಗಿಂತ, ತೀರಾ ಆಗದಿದ್ದರೆ ಇಬ್ಬರಿಗಿಂತ ಕಡಿಮೆ ಜನ ಹಾಡಕೂಡದೆಂದೂ ಹಸ್ತಪ್ರತಿಯಲ್ಲಿಯೇ ಲ್ಯಾಟಿನ್ ಸೂಚನೆಯಿದೆ. ಈ ಲೆಕ್ಕದಲ್ಲಿ 'ಪೆಸ್', ಅಂದರೆ ಪಾದ ಎಂಬ ಕೆಳಗಿನ ಭಾಗವನ್ನು ಹಾಡುವವರು ಸೇರಿಲ್ಲ. ಅದಕ್ಕೆ ಬೇರೆ ಇಬ್ಬರು ಬೇಕು. 'ಹಾಡು ಕೋಗಿಲೆ, ಈಗ' ಎಂಬ ಒಂದೆರಡು ಪದಗಳ ತುಣುಕನ್ನು ಆ ಇಬ್ಬರೂ ಅದಲುಬದಲು ಮಾಡಿಕೊಳ್ಳುತ್ತ ಮುಗಿಯುವವರೆಗೂ ಸುತ್ತಿಸುತ್ತಿರಬೇಕು. ಹಾಡು ಎಲ್ಲರಿಗೂ ಬಾಯಿಗೆ ಬಂದ ಮೇಲೆ, ಮೇಲಿನ ಧಾಟಿಯನ್ನು ಇತರರಿಗೆ ಬಿಟ್ಟು ನೀವು ಪಾದದ ಜಾಗದಲ್ಲಿ ನಿಂತುಕೊಳ್ಳಿ.